ಬಾಯಿಬಿಡದ ನಾಯಕ, ಅವಸರದ ರಾಜಿ

ಪ್ರೇಮ ಕಾದಂಬರಿಗಳ ಬಗ್ಗೆ ಈಗ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ: ‘ಮುನ್ನೂರು ಪುಟ ಅವಳನ್ನು ಅಳಿಸಿದ, ಕೊನೆಯ ಹತ್ತು ಪುಟದಲ್ಲಿ ಸಾರಿ ಅಂದ, ಅವಳು ಆಯ್ತು ಅಂದಳು. ಇದೆಂಥ ರಾಜಿ?’ ಕಾಸರಗೋಡಿನ ಓದುಗರಿಗೆ ಈ ಅನುಭವ ಮೂರು ದಿಕ್ಕಿನಿಂದ ಬರುತ್ತದೆ. ಬದಿಯಡ್ಕ, ಪೆರ್ಲ, ಮಂಜೇಶ್ವರದಂಥ ಊರುಗಳಲ್ಲಿ ಕನ್ನಡ ಕಾದಂಬರಿ ಓದುವವರ ಕೈಗೆ ಮಲಯಾಳಂ ಪೈಂಗಿಳಿ ಕಥೆಗಳೂ (ವಾರಪತ್ರಿಕೆಗಳ ಭಾವುಕ ಪ್ರೇಮಕಥೆಗಳು) ಸಿಗುತ್ತವೆ. ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಧಾರಾವಾಹಿಗಳಿವೆ. ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಕಾಲೇಜು ಮಕ್ಕಳ ಕೈಯಲ್ಲಿ ಇಂಗ್ಲಿಷ್ ರೊಮ್ಯಾನ್ಸ್. ಭಾಷೆ ಮೂರಾದರೂ ನಾಯಕ ಒಬ್ಬನೇ. ಕೋಪ ಬಿಟ್ಟರೆ ಬೇರೆ ಯಾವ ಭಾವವನ್ನೂ ತೋರಿಸಲು ಬಾರದವನು, ಅವಳಿಗೆ ಬೇಕೆನಿಸಿದ ಗಳಿಗೆಯಲ್ಲೇ ಎದ್ದುಹೋಗುವವನು.

ದೂರನ್ನು ಹೆಚ್ಚಿನವರು ಈ ನಾಯಕನ ಸ್ವಭಾವದ ಮೇಲೆ ಹೊರಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಬಾಯಿಬಿಡದ ಗಂಡಸು ಕಥೆಗೆ ಒಳ್ಳೆಯ ಸಾಮಗ್ರಿ. ಅವನು ಬಾಯಿಬಿಡುವ ಗಳಿಗೆಗಾಗಿಯೇ ಓದುಗರು ಕಾದು ಕೂತಿರುತ್ತಾರೆ. ಕೆಡುವುದು ರಾಜಿಯ ಕಟ್ಟೋಣದಲ್ಲಿ. ಅವನು ಹಾಗೇಕೆ ಇದ್ದ ಎಂದು ಕಾರಣ ಹೇಳಿಬಿಟ್ಟರೆ ಆದ ನೋವು ಸರಿಹೋದ ಹಾಗೆ ಎಂದು ಲೇಖಕರು ಎಣಿಸುತ್ತಾರೆ. ನೋವು ಇಪ್ಪತ್ತು ದೃಶ್ಯಗಳಲ್ಲಿ ನಡೆದಿರುತ್ತದೆ, ಪರಿಹಾರ ಒಂದು ಸಂಭಾಷಣೆಯಲ್ಲಿ ಮುಗಿದುಹೋಗುತ್ತದೆ.

ಇದು ಹೊಸ ರೋಗವೇನೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ನಳ ಕಾಡಿನ ನಡುವೆ, ಮಲಗಿದ್ದ ದಮಯಂತಿಯನ್ನು ಬಿಟ್ಟುಹೋಗುತ್ತಾನೆ. ಕೊನೆಗೆ ವಿದರ್ಭದಲ್ಲಿ ಇಬ್ಬರೂ ಎದುರಾದಾಗ ಅವನು ಮುಂದಿಡುವ ವಾದವನ್ನು ನೋಡಿ: ರಾಜ್ಯ ಹೋದದ್ದೂ ನಿನ್ನನ್ನು ಬಿಟ್ಟದ್ದೂ ನಾನು ಮಾಡಿದ್ದಲ್ಲ, ಮೈಹೊಕ್ಕ ಕಲಿ ಮಾಡಿಸಿದ್ದು. ಅದರ ಬೆನ್ನಿಗೇ, ಎರಡನೆಯ ಸ್ವಯಂವರ ಏಕೆ ಸಾರಿಸಿದೆ ಎಂದು ಅವಳನ್ನೇ ಪ್ರಶ್ನಿಸುತ್ತಾನೆ. ಇಂದಿನ ಕಾದಂಬರಿಯಲ್ಲಿ ಕಲಿಯ ಜಾಗಕ್ಕೆ ಬಾಲ್ಯದ ಆಘಾತ ಬಂದು ಕೂತಿದೆ, ಅಷ್ಟೆ. ಆದರೂ ಹಳೆಯ ಕಥೆ ಅಷ್ಟು ಸುಲಭಕ್ಕೆ ಜಾರಿಬೀಳುವುದಿಲ್ಲ. ಈ ಮಾತಿಗೆ ಬರುವ ಮೊದಲೇ ದಮಯಂತಿ ತನ್ನ ಕೆಲಸ ಮಾಡಿಮುಗಿಸಿರುತ್ತಾಳೆ: ಸ್ವಯಂವರದ ಸುಳ್ಳು ಸುದ್ದಿ ಕಳಿಸಿ ಅವನನ್ನು ಬರಿಸುತ್ತಾಳೆ, ದಾಸಿ ಕೇಶಿನಿಯನ್ನು ಬಿಟ್ಟು ಬಾಹುಕನ, ಅಂದರೆ ರೂಪ ಮರೆಸಿಕೊಂಡ ನಳನ, ನಡೆನುಡಿ ನೋಡಿಸುತ್ತಾಳೆ, ಅವನು ಬೇಯಿಸಿದ್ದನ್ನು ತರಿಸಿ ರುಚಿ ನೋಡುತ್ತಾಳೆ, ಮಕ್ಕಳಿಬ್ಬರನ್ನೂ ಅವನ ಎದುರಿಗೆ ಕಳಿಸುತ್ತಾಳೆ. ರಾಜಿ ಆಗಬೇಕೋ ಬೇಡವೋ ಎಂಬುದನ್ನು ಅವಳು ಪರೀಕ್ಷಿಸಿ ತೀರ್ಮಾನಿಸುತ್ತಾಳೆ. ಈಗಿನ ನಾಯಕಿಯರಲ್ಲಿ ಎಷ್ಟು ಮಂದಿಗೆ ಲೇಖಕರು ಇಷ್ಟು ಕೆಲಸ ಕೊಡುತ್ತಾರೆ?

ಎಲ್ಲ ಮೌನಿಗಳೂ ಒಂದೇ ಜಾತಿಯವರಲ್ಲ. ಇದನ್ನು ಗಮನಿಸದೆ ಬರೆಯುವುದು ಮೊದಲ ತಪ್ಪು. ತಾಯಿ ಮಕ್ಕಳ ನಂಟಿನ ಬಗ್ಗೆ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಹಜಾನ್ ಮತ್ತು ಶೇವರ್ ಎಂಬ ಮನಶ್ಶಾಸ್ತ್ರಜ್ಞರು ದೊಡ್ಡವರ ಪ್ರೇಮಕ್ಕೆ ಅನ್ವಯಿಸಿದರು. 1991ರಲ್ಲಿ ಬಾರ್ತಲೋಮ್ಯೂ ಮತ್ತು ಹೊರೊವಿಟ್ಜ್ ದೂರ ಸರಿಯುವವರಲ್ಲಿ ಎರಡು ಬಗೆ ಗುರುತಿಸಿದರು. ಒಬ್ಬ ತನಗೆ ಯಾರೂ ಬೇಕಾಗಿಲ್ಲ ಎಂದು ನಿಜವಾಗಿ ನಂಬಿದವನು. ಇನ್ನೊಬ್ಬನಿಗೆ ಬೇಕು, ಆದರೆ ಹತ್ತಿರ ಹೋದರೆ ಪೆಟ್ಟು ಬೀಳುತ್ತದೆ ಎಂಬ ಹೆದರಿಕೆ. ಮೊದಲನೆಯವನು ಬದಲಾದ ಎನ್ನುವುದಕ್ಕೆ ಗುರುತು ಪ್ರೇಮ ನಿವೇದನೆಯಲ್ಲಿ ಸಿಗದು. ಅವನು ಮೊದಲ ಸಲ ಸಹಾಯ ಕೇಳುವುದರಲ್ಲಿ ಸಿಗುತ್ತದೆ. ಎರಡನೆಯವನದು ಹತ್ತಿರ ಬರುವುದು, ಓಡುವುದು, ಮತ್ತೆ ಬರುವುದು. ಅವಳನ್ನು ಹೆಚ್ಚು ಕಟ್ಟಿಹಾಕುವವನೂ ಇವನೇ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕೆ ಅಂಟಿಕೊಂಡ ಚಟ ಬೇಗ ಬಿಡುವುದಿಲ್ಲ ಎಂಬುದನ್ನು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ಪ್ರಯೋಗಗಳೊಂದಿಗೆ ವಿವರಿಸಿದ್ದರು. ಇವನ ರಾಜಿ ಸಾಬೀತಾಗಬೇಕಾದರೆ, ಓಡುವ ಸಂದರ್ಭ ಮತ್ತೆ ಬರಬೇಕು, ಅವನು ಓಡಬಾರದು. ಆ ಸಂದರ್ಭವನ್ನೇ ಬರೆಯದೆ ಪುಸ್ತಕ ಮುಗಿಸಿದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು: ಇವ ಆರು ತಿಂಗಳಲ್ಲಿ ಮತ್ತೆ ಹೋಗ್ತಾನೆ.

ಮೂರನೆಯವನೂ ಒಬ್ಬನಿದ್ದಾನೆ. ಮಾತು ಬರುತ್ತದೆ, ಆದರೆ ಶಿಕ್ಷೆಯಾಗಿ ಮಾತು ನಿಲ್ಲಿಸುತ್ತಾನೆ. ಇಂಥವನಿಗೆ ಮೊದಲಿಬ್ಬರ ಕಾರಣವನ್ನು ಅಂಟಿಸುವುದು ಮೋಸ. ಮನೆಗೆಲಸದವರ ಜೊತೆ, ಗೆಳೆಯರ ಜೊತೆ, ವ್ಯವಹಾರದಲ್ಲಿ ಚೆನ್ನಾಗಿ ಮಾತಾಡುವವನು ಹೆಂಡತಿಯ ಎದುರು ಮಾತ್ರ ಮೂಕನಾದರೆ ಅದು ಗಾಯವಲ್ಲ, ಅಧಿಕಾರ.

ಈ ವಿಷಯದಲ್ಲಿ ಕಾಸರಗೋಡಿನ ಓದುಗರು ಸ್ವಲ್ಪ ಬಿಗಿಯಾಗಿಯೇ ಇರುತ್ತಾರೆ, ಅದಕ್ಕೆ ಕಾರಣವೂ ಇದೆ. ಗಂಡ ದುಬೈಯಲ್ಲೋ ದೋಹಾದಲ್ಲೋ ಇದ್ದು ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಬರುವ ಮನೆಗಳು ಇಲ್ಲಿ ಬೇಕಷ್ಟಿವೆ. ಸಮುದ್ರದಾಚೆ ಇದ್ದೂ ಮಗುವಿನ ಜ್ವರ ಇಳಿಯಿತಾ ಎಂದು ನಡುರಾತ್ರಿ ಕೇಳುವವನನ್ನು ಕಂಡವರಿಗೆ, ಅದೇ ಮನೆಯ ಮಹಡಿಯ ಮೇಲಿದ್ದು ಮೂರು ವಾರ ಮಾತಾಡದ ನಾಯಕನ ‘ಕೆಲಸದ ಒತ್ತಡ’ವನ್ನು ಒಪ್ಪಿಸುವುದು ಕಷ್ಟ.

ಇನ್ನು ಲೆಕ್ಕಕ್ಕೆ ಬರೋಣ. ಹೆಚ್ಚಿನ ರಾಜಿಗಳು ಸೋಲುವುದು ಇಲ್ಲೇ. ಈಗಿನ ರೊಮ್ಯಾನ್ಸ್‌ನಲ್ಲಿ ಜೋಡಿ ಬೇರೆಯಾಗುವುದು ಸಾಮಾನ್ಯವಾಗಿ ಪುಸ್ತಕದ ನೂರಕ್ಕೆ 75ರಿಂದ 80ನೆಯ ಭಾಗದಲ್ಲಿ. 80,000 ಪದಗಳ ಕಾದಂಬರಿಯಲ್ಲಿ 64,000ಕ್ಕೆ ಒಡಕು ಬಂತೆನ್ನಿ. ಉಳಿದದ್ದು 16,000. ಅವಳ ಅಳು, ಗೆಳತಿಯ ಸಮಾಧಾನ, ಊರಿಗೆ ಹೋಗಿ ಕೂರುವುದು: 5,000. ಆಸ್ತಿಯದೋ ಖಳನದೋ ಬಾಕಿ ಉಳಿದ ಕಥೆ: 4,000. ಅವನು ತಿಳಿದುಕೊಂಡು ಓಡಿಬರುವುದು: 2,500. ಕೊನೆಯ ಎಪಿಲಾಗ್, ಅಂದರೆ ಎರಡು ವರ್ಷದ ನಂತರ ಮಗು ಮತ್ತು ಗೃಹಪ್ರವೇಶ: 3,000. ಕ್ಷಮೆ ಕೇಳಲು ಉಳಿದದ್ದು 1,500 ಪದ, ಅಂದರೆ ಐದಾರು ಪುಟ. ಮಿಲ್ಸ್ ಅಂಡ್ ಬೂನ್ ಮಾದರಿಯ 50,000 ಪದಗಳ ಪುಸ್ತಕದಲ್ಲಿ ಇದೇ ಅಳತೆ ಹಿಡಿದರೆ ಒಡಕಿನ ನಂತರ ಉಳಿಯುವುದೇ ಒಟ್ಟು 10,000. ಅಲ್ಲಿ ರಾಜಿ ಅವಸರದ್ದಾಗದೆ ಇನ್ನೇನಾದೀತು?

ಜೇನ್ ಆಸ್ಟಿನ್ನರ ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ತೆಗೆದು ಅಧ್ಯಾಯ ಎಣಿಸಿದರೆ ಕಣ್ಣು ತೆರೆಯುತ್ತದೆ. ಒಟ್ಟು 61 ಅಧ್ಯಾಯ. ಬಿಗುಮಾನದ ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಮುಂದಿಡುವ ಮೊದಲ ಮದುವೆ ಪ್ರಸ್ತಾಪ, ಅವಳ ಕಟು ನಿರಾಕರಣೆ 34ರಲ್ಲಿ. ಅವನ ವಿವರಣೆಯ ಪತ್ರ 35ರಲ್ಲಿ. ಎರಡನೆಯ ಪ್ರಸ್ತಾಪ 58ರಲ್ಲಿ. ಕಾರಣ ಹೇಳುವ ಕೆಲಸ ಮರುದಿನವೇ ಮುಗಿಯುತ್ತದೆ, ಆದರೆ ಅದಕ್ಕೆ ಪ್ರತಿಫಲ ಸಿಗಲು ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯ ಹಿಡಿಯುತ್ತದೆ. ಆ ನಡುವೆ ಅವನು ಅವಳ ಸೋದರಮಾವನಂಥ ನೆಂಟರೊಡನೆ ಮರ್ಯಾದೆಯಿಂದ ನಡೆದುಕೊಳ್ಳುತ್ತಾನೆ, ಓಡಿಹೋದ ಅವಳ ತಂಗಿಯ ಪ್ರಕರಣವನ್ನು ಹಣ ಕೊಟ್ಟು, ತಾನು ದ್ವೇಷಿಸುವವನ ಜೊತೆ ಚೌಕಾಶಿಗೆ ಕೂತು ಸರಿಮಾಡುತ್ತಾನೆ, ಅದನ್ನು ಅವಳಿಗೆ ಹೇಳಬಾರದೆಂದೂ ಕೇಳಿಕೊಳ್ಳುತ್ತಾನೆ. ಕೊನೆಗೆ ಮಾತಿಗೆ ಕೂತಾಗ, ಅವಳು ಅಂದು ಬೈದ ಮಾತನ್ನೇ ನೆನಪಿಟ್ಟುಕೊಂಡು ಹೇಳುತ್ತಾನೆ. ಒಡಕು ಅರ್ಧ ದಾಟಿದ ಸ್ವಲ್ಪದರಲ್ಲೇ ಬಂದದ್ದರಿಂದ ಇಷ್ಟಕ್ಕೆಲ್ಲ ಜಾಗ ಸಿಕ್ಕಿತು. ಇಂದಿನ ಲೇಖಕರಿಗೆ ಕೊಡಬಹುದಾದ ಒಂದೇ ಸಲಹೆ ಎಂದರೆ ಇದೇ ಇರಲಿ: ಒಡಕನ್ನು ನೂರಕ್ಕೆ 60–65ಕ್ಕೆ ಎಳೆದು ತನ್ನಿ. 80,000ದ ಪುಸ್ತಕದಲ್ಲಿ ಕಡಿಮೆಯೆಂದರೂ 28,000 ಪದ ಕೈಯಲ್ಲಿರುತ್ತದೆ.

ಇನ್ನೊಂದು ತೊಡಕು ಹೊಸ ಕಾಲದ್ದು. ಒಂದು ಅಧ್ಯಾಯ ಅವಳ ಬಾಯಿಂದ, ಮುಂದಿನದು ಅವನ ಬಾಯಿಂದ ಹೇಳಿಸುವ ಪದ್ಧತಿ ಈಗ ಎಲ್ಲ ಕಡೆ ಇದೆ. ಹೊರಗೆ ಕಲ್ಲಿನಂತಿರುವವನು ಒಳಗೆ ಬೇಯುತ್ತಿದ್ದಾನೆಂದು ಓದುಗರಿಗೆ ಮೂರನೆಯ ಅಧ್ಯಾಯದಲ್ಲೇ ಗೊತ್ತು. ಅವಳಿಗೆ ಗೊತ್ತಿಲ್ಲ. ಲೇಖಕರು ಇದನ್ನು ಮರೆಯುತ್ತಾರೆ. ಓದುಗರ ಬಳಿ ಇರುವ ಮಾಹಿತಿಯ ಬಲದ ಮೇಲೆ ಅವಳಿಂದ ಕ್ಷಮೆ ಕೊಡಿಸುತ್ತಾರೆ. ಅವಳ ಕಡೆಯಿಂದ ನೋಡಿದರೆ ಅವಳು ಯಾವ ಸಾಕ್ಷಿಯೂ ಇಲ್ಲದೆ ಒಪ್ಪಿಕೊಂಡಂತಾಗುತ್ತದೆ. ಈ ಸಮಸ್ಯೆ ಕಾಳಿದಾಸನಿಗೂ ಬಂದಿತ್ತು. ಶಾಕುಂತಲದ ಆರನೆಯ ಅಂಕದ ತುಂಬ ದುಷ್ಯಂತನ ಪಶ್ಚಾತ್ತಾಪ, ಆದರೆ ಶಕುಂತಲೆ ಅಲ್ಲಿಲ್ಲ. ಕಾಳಿದಾಸ ಮಾಡಿದ ಉಪಾಯ ಎಂದರೆ, ಅವಳ ತಾಯಿ ಮೇನಕೆಯ ಗೆಳತಿ ಸಾನುಮತಿ ಎಂಬ ಅಪ್ಸರೆಯನ್ನು ಮರೆಯಲ್ಲಿ ನಿಲ್ಲಿಸಿ ಎಲ್ಲವನ್ನೂ ನೋಡಿಸಿದ್ದು. ಅಳು ಅವಳ ಕಡೆಯವರ ಕಣ್ಣಿಗೆ ಬಿದ್ದಿದೆ ಎಂಬ ಏರ್ಪಾಟು ಮೊದಲು, ಏಳನೆಯ ಅಂಕದಲ್ಲಿ ದೊರೆ ಅವಳ ಕಾಲಿಗೆ ಬೀಳುವುದು ಆಮೇಲೆ. ಮೂಲ ಮಹಾಭಾರತದ ದುಷ್ಯಂತನಿಗೆ ಎಲ್ಲ ನೆನಪಿತ್ತು, ಬೇಕೆಂದೇ ಇಲ್ಲವೆಂದಿದ್ದ. ಶಾಪ ಮತ್ತು ಉಂಗುರ ನಾಟಕಕಾರ ಸೇರಿಸಿದ್ದು. ನಾಯಕನ ತಪ್ಪನ್ನು ಹಗುರ ಮಾಡುವ ಕಲೆಯೂ ಹಳೆಯದೇ ಅನ್ನಿ. ಆದರೆ ಹಗುರ ಮಾಡಿದ ಮೇಲೂ ಅವನನ್ನು ಒಂದಿಡೀ ಅಂಕ ಅಳಿಸಿ, ಕಾಲಿಗೂ ಬೀಳಿಸಿದ.

ಜಾಗ ಸಾಲದಾದಾಗ ಲೇಖಕರು ಹಿಡಿಯುವ ಅಡ್ಡದಾರಿಗಳು ಎಲ್ಲರಿಗೂ ಗೊತ್ತಿರುವವೇ. ಅವನ ತಂಗಿಯೋ ಅಜ್ಜಿಯೋ ಬಂದು ‘ಪಾಪ, ಅವನ ಅಮ್ಮ ಅವನನ್ನು ಚಿಕ್ಕಂದಿನಲ್ಲೇ ಬಿಟ್ಟುಹೋದಳು’ ಎಂದು ನಾಯಕಿಗೆ ಹೇಳುವುದು ಇವುಗಳಲ್ಲಿ ಅತ್ಯಂತ ಕೆಟ್ಟದ್ದು. ಅವನ ದೋಷವೇ ಮಾತಾಡದಿರುವುದು. ಆ ಮಾತನ್ನೂ ಬೇರೆಯವರೇ ಆಡಿಬಿಟ್ಟರೆ ಅವನು ಬದಲಾದದ್ದು ಎಲ್ಲಿ? ಎರಡನೆಯದು ಸಭೆಯ ನಡುವೆ ಮಂಡಿಯೂರುವುದು. ನೋವು ಕೊಟ್ಟದ್ದು ನಾಲ್ಕು ಗೋಡೆಯ ಒಳಗೆ, ದಿನದಿನದ ಸಣ್ಣ ಸಣ್ಣ ಅಲಕ್ಷ್ಯದಲ್ಲಿ. ಪರಿಹಾರ ಮಾತ್ರ ಮೈಕಿನಲ್ಲಿ. ನೂರು ಮಂದಿಯ ಎದುರು ಅವಳಿಗೆ ‘ಇಲ್ಲ’ ಎನ್ನುವ ದಾರಿಯೂ ಇರುವುದಿಲ್ಲ. ಬೇರೊಬ್ಬನನ್ನು ಕಂಡು ಉರಿದುಬೀಳುವುದನ್ನು ಪ್ರೀತಿಯ ಪುರಾವೆ ಮಾಡುವುದು, ಗರ್ಭಿಣಿ ಎಂದು ಗೊತ್ತಾದ ಕೂಡಲೇ ಎಲ್ಲ ಮರೆಯುವುದು, ‘ನನ್ನದೂ ತಪ್ಪಿತ್ತು’ ಎಂದು ಅವಳ ಬಾಯಿಂದ ಹೇಳಿಸಿ ಲೆಕ್ಕ ಸಮ ಮಾಡುವುದು, ಇವೆಲ್ಲ ಅದೇ ಕುಲದವು.

ಅಪಘಾತದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ನಾಯಕ ಕಾರು ಗುದ್ದಿ ಆಸ್ಪತ್ರೆ ಸೇರುತ್ತಾನೆ, ಇವಳು ಐಸಿಯು ಬಾಗಿಲಲ್ಲಿ ನಿಂತು ಕ್ಷಮಿಸುತ್ತಾಳೆ. ಮೈಗೆ ಆದ ಗಾಯ ಮನಸ್ಸಿನ ಬದಲಾವಣೆಯ ಜಾಗಕ್ಕೆ ಬಂದು ಕೂತಿರುತ್ತದೆ. ಕನ್ನಡದಲ್ಲಿ ಈ ಸನ್ನಿವೇಶವನ್ನು ತಿರುಗಿಸಿ ಹಾಕಿದವರು ತ್ರಿವೇಣಿ. 1967ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆದ ಅವರ ‘ಬೆಳ್ಳಿಮೋಡ’ದಲ್ಲಿ ಮೋಹನ ಆಸ್ತಿಯ ಆಸೆಗೆ ಇಂದಿರೆಯನ್ನು ಒಪ್ಪಿದವನು, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದಾಗ ಹಿಂದೆ ಸರಿಯುತ್ತಾನೆ. ಮುಂದೆ ಅವನು ಬಿದ್ದು ಗಾಯಗೊಂಡಾಗ ಉಪಚಾರ ಮಾಡುವವಳು ಅವಳೇ. ಅವನ ಮನಸ್ಸು ನಿಜವಾಗಿಯೇ ತಿರುಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಶುಶ್ರೂಷೆ ಬೇರೆ, ಕ್ಷಮೆ ಬೇರೆ, ಮರಳಿ ಕೂಡುವುದು ಬೇರೆ ಎಂದು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟ ಕಥೆ ಜನಪ್ರಿಯ ಸಾಹಿತ್ಯದಲ್ಲಿ ಕಡಿಮೆ.

ಅವಳು ಒಲ್ಲೆ ಎನ್ನಬಹುದು ಎಂಬ ನಂಬಿಕೆ ಓದುಗರಲ್ಲಿ ಇದ್ದರೆ ಮಾತ್ರ ಅವಳ ‘ಆಯ್ತು’ಗೆ ತೂಕ ಬರುತ್ತದೆ. ಅದಕ್ಕೆ ಅವಳಿಗೆ ಹೋಗಲು ಒಂದು ಜಾಗ ಬೇಕು. ಮಂಜೇಶ್ವರ, ಕುಂಬಳೆ ಕಡೆಯ ಅಳಿಯಸಂತಾನದ ಮನೆಗಳಲ್ಲಿ, ಚಂದ್ರಗಿರಿ ಹೊಳೆಯಾಚೆ ಮರುಮಕ್ಕತ್ತಾಯದ ತರವಾಡುಗಳಲ್ಲಿ (ಎರಡೂ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಕೂಡುಕುಟುಂಬಗಳು) ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕಿತ್ತು. ಗಂಡನೊಡನೆ ಹೊಂದದೆ ಹಿಂತಿರುಗಿದರೆ ಅವಳು ಯಾರ ಹಂಗಿನಲ್ಲೂ ಬಂದಂತಲ್ಲ. (ಅಲ್ಲಿಯೂ ಯಜಮಾನ ಮಾವನದೇ ಮಾತು ನಡೆಯುತ್ತಿತ್ತು, ಅದನ್ನು ಮರೆತು ಸ್ವರ್ಗ ಕಟ್ಟಬಾರದು.) ಕೇರಳದ 1975ರ ಕಾಯ್ದೆಯಿಂದ ಆ ಕೂಡುಕುಟುಂಬದ ಪದ್ಧತಿ ಕಾನೂನಿನಲ್ಲಿ ಮುಗಿಯಿತು. ಈಗಿನ ನಾಯಕಿಗೆ ಆ ಜಾಗವನ್ನು ಉದ್ಯೋಗವೋ ಬಾಡಿಗೆ ಮನೆಯೋ ಕೊಡಬೇಕು. ಒಡಕಿನ ನಂತರ ಅವಳನ್ನು ಕೆಲಸದಿಂದ ತೆಗೆದುಹಾಕಿಸಿ, ಅಪ್ಪನಿಗೆ ಸಾಲ ಹೊರಿಸಿ, ಆಮೇಲೆ ನಾಯಕನ ಕಾರು ಬಾಗಿಲಿಗೆ ತಂದು ನಿಲ್ಲಿಸುವ ಕಥೆಯಲ್ಲಿ ಅವಳು ಕ್ಷಮಿಸಿದಳೋ ಬೇರೆ ದಾರಿಯಿಲ್ಲದೆ ಹೋದಳೋ ಎಂದು ಯಾರು ಹೇಳಬೇಕು? ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪ್ರೇಮ ಕಾದಂಬರಿ ಅಲ್ಲ, ಅಲ್ಲಿನ ಗಂಡ ರಶೀದ ಮನಸ್ಸು ಮುಚ್ಚಿಕೊಂಡವನೂ ಅಲ್ಲ. ಆದರೂ ಮತ್ತೆ ಒಂದಾಗುವುದರ ಪೂರ್ತಿ ಬೆಲೆಯನ್ನು ನಾದಿರಾ ಒಬ್ಬಳೇ ತೆರಬೇಕಾಗಿ ಬಂದಾಗ ಏನಾಗುತ್ತದೆ ಎಂಬುದನ್ನು ರಾಜಿಯ ದೃಶ್ಯ ಬರೆಯುವ ಯಾರೂ ಓದಿರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಅವಸರದ ರಾಜಿಗಳು ಏಕೆ ಹೆಚ್ಚುತ್ತಿವೆ ಎಂದರೆ ಹಣದ ದಾರಿ ನೋಡಬೇಕು. ಕಂತಿನ ಆ್ಯಪ್‌ಗಳಲ್ಲಿ ಮುಂದಿನ ಭಾಗಕ್ಕೆ ಬೀಗ ಇರುತ್ತದೆ. ಚಂದಾ ಕಟ್ಟಿದವರಿಗೆ, ನಾಣ್ಯ ಕೊಟ್ಟವರಿಗೆ ತೆರೆಯುತ್ತದೆ, ಇಲ್ಲವಾದರೆ ಕಾಯಬೇಕು. ಅಮೆಜಾನಿನ ಇ-ಪುಸ್ತಕ ಚಂದಾ ಯೋಜನೆ ಕಿಂಡಲ್ ಅನ್‌ಲಿಮಿಟೆಡ್ 2015ರಿಂದ ಲೇಖಕರಿಗೆ ಓದಿಸಿಕೊಂಡ ಪುಟಗಳ ಲೆಕ್ಕದಲ್ಲಿ ಹಣ ಕೊಡುತ್ತದೆ. ‘ಇವತ್ತಾದರೂ ಮಾತಾಡ್ತಾನಾ’ ಎಂಬ ಕುತೂಹಲ ಪ್ರತಿ ಕಂತಿಗೂ ಬೀಗ ತೆಗೆಸುತ್ತದೆ, ಹಾಗಾಗಿ ಮೌನ ಉದ್ದವಾಗುತ್ತದೆ. ಮಾತಾಡಿದ ಮೇಲೆ ಕುತೂಹಲ ಇಳಿಯುತ್ತದೆ ಎಂಬ ಹೆದರಿಕೆಯಿಂದ ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಸುತ್ತಿ ಮುಗಿಸುತ್ತಾರೆ. ಈ ಹೆದರಿಕೆ ಆಧಾರವಿಲ್ಲದ್ದು. ‘ಈ ಸಲ ನಿಲ್ಲುತ್ತಾನಾ, ಓಡುತ್ತಾನಾ’ ಎಂಬುದು ಹಿಂದಿನದಕ್ಕಿಂತ ಬಿಗಿಯಾದ ಪ್ರಶ್ನೆ, ಬರೆಯಲು ಗೊತ್ತಿದ್ದರೆ. ಅಮೆರಿಕದ ರೊಮ್ಯಾನ್ಸ್ ಓದುಗ ಹೆಂಗಸರನ್ನು ಮಾತಾಡಿಸಿ ಜಾನಿಸ್ ರಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೂಕ್ಷ್ಮ ಇದೆ: ನಾಯಕನ ಹಿಂದಿನ ಒರಟುತನವನ್ನೆಲ್ಲ ಓದುಗರು ಕೊನೆಯಲ್ಲಿ ‘ಅದೂ ಪ್ರೀತಿಯೇ ಆಗಿತ್ತು’ ಎಂದು ಮರಳಿ ಓದಿಕೊಳ್ಳುತ್ತಾರೆ. ಇಂದಿನ ಓದುಗರು ಆ ಕೂಲಿಯನ್ನು ಲೇಖಕರ ಪರವಾಗಿ ಮಾಡಿಕೊಡಲು ಒಪ್ಪುತ್ತಿಲ್ಲ, ದೂರುಗಳು ಹೆಚ್ಚಾದದ್ದು ಅದಕ್ಕೇ ಇರಬೇಕು.

ಹಾಗಾದರೆ ಕ್ಷಮೆ ಕೇಳುವ ದೃಶ್ಯ ಹೇಗಿರಬೇಕು? ರಾಯ್ ಲೆವಿಕಿ ಮತ್ತು ಸಂಗಡಿಗರು 2016ರ ಅಧ್ಯಯನದಲ್ಲಿ ಕ್ಷಮಾಪಣೆಯ ಆರು ಅಂಗಗಳನ್ನು ತೂಗಿ ನೋಡಿದರು: ವಿಷಾದ, ವಿವರಣೆ, ತಪ್ಪು ತನ್ನದೆಂಬ ಒಪ್ಪಿಗೆ, ಇನ್ನು ಮಾಡೆನೆಂಬ ಮಾತು, ಸರಿಪಡಿಸುವ ಕೊಡುಗೆ, ಕ್ಷಮಿಸೆಂಬ ಬೇಡಿಕೆ. ಹೆಚ್ಚು ತೂಗಿದ್ದು ತಪ್ಪಿನ ಒಪ್ಪಿಗೆ, ಅದರ ನಂತರ ಸರಿಪಡಿಸುವ ಕೊಡುಗೆ. ಎಲ್ಲಕ್ಕಿಂತ ಕಡಿಮೆ ತೂಗಿದ್ದು ಕ್ಷಮಿಸೆಂಬ ಬೇಡಿಕೆ. ನಮ್ಮ ಕಾದಂಬರಿಗಳ ನಾಯಕ ಹೆಚ್ಚು ಹೊತ್ತು ಮಾಡುವುದು ಆ ಕೊನೆಯದನ್ನೇ, ಮಳೆಯಲ್ಲಿ ನೆನೆಯುತ್ತ.

ಒಂದು ಊಹೆಯ ಕಥೆ ತೆಗೆದುಕೊಳ್ಳೋಣ. ನಾಯಕಿ ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗೆ ಪಿಎಸ್‌ಸಿ (ಲೋಕಸೇವಾ ಆಯೋಗ) ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರುವುದನ್ನು ಕಾಯುತ್ತಿರುವವಳು; ನಾಯಕ ಬೆಂಗಳೂರಿನಲ್ಲಿ ಇಂಜಿನಿಯರು, ಹತ್ತಿರ ಬಂದು ಓಡುವ ಎರಡನೆಯ ಜಾತಿಯ ಮೌನಿ. ಅವಳ ಅಪ್ಪನಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ದಿನ ಅವನು ಫೋನ್ ಎತ್ತಲಿಲ್ಲ. ಅವಳ ಹೆಸರು ಪಟ್ಟಿಯಲ್ಲಿ ಬಂದ ದಿನವೂ ಸುದ್ದಿ ಇಲ್ಲ. ಅವನಿಗೆ ಬೇರೆ ಊರಿಗೆ ವರ್ಗವಾದದ್ದು ಅವಳಿಗೆ ಗೊತ್ತಾದದ್ದು ಇನ್ನೊಬ್ಬರಿಂದ. ಲೇಖಕರು ಮೊದಲು ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಪ್ರತಿಯೊಂದಕ್ಕೂ ಬೇರೆ ಬೇರೆ ದೃಶ್ಯ ಸಲ್ಲಬೇಕು. ‘ನಿನಗೆ ಬೇಜಾರಾಗಿದ್ದರೆ ಸಾರಿ, ನಾನು ಬೆಳೆದದ್ದು ಎಂಥ ಮನೆಯಲ್ಲಿ ಅಂತ ನಿನಗೆ ಗೊತ್ತಿಲ್ಲ’ ಎಂಬ ಮಾತಿನಲ್ಲಿ ಒಪ್ಪಿಗೆಯೇ ಇಲ್ಲ. ಅವಳ ಬೇಜಾರನ್ನೂ ಅವಳ ತಿಳಿವಳಿಕೆಯ ಕೊರತೆಯನ್ನೂ ಸೇರಿಸಿ ಅವಳ ಮೇಲೇ ಹೊರಿಸಿದೆ. ಇದರ ಬದಲು: ‘ಅಪ್ಪನ ಆಪರೇಷನ್ ದಿನ ನೀನು ಹನ್ನೊಂದು ಸಲ ಫೋನ್ ಮಾಡಿದ್ದಿ. ನಾನು ನೋಡಿದ್ದೆ. ನೋಡಿಯೂ ಎತ್ತಲಿಲ್ಲ.’ ಇಷ್ಟಕ್ಕೆ ನಿಲ್ಲಿಸಬೇಕು. ಬಾಲ್ಯದ ವಿವರಣೆ ಬೇಕಿದ್ದರೆ ಬೇರೊಂದು ದಿನ, ಅವಳು ಕೇಳಿದಾಗ ಬರಲಿ.

ಆಮೇಲೆ ನಡತೆ. ಮತ್ತೊಮ್ಮೆ ಅವನಿಗೆ ಉಸಿರುಕಟ್ಟಿದಂತಾಗುವ ಸಂದರ್ಭ ತರಬೇಕು. ಅವಳ ಮನೆಯವರು ಮದುವೆ ದಿನ ಕೇಳಿದರು ಎನ್ನಿ. ಅವನು ಪೂರ್ತಿ ಬದಲಾಗಿ ಹರಟೆಮಲ್ಲನಾದರೆ ಯಾರೂ ನಂಬುವುದಿಲ್ಲ. ‘ಇವತ್ತು ಮಾತಾಡಲಿಕ್ಕೆ ಆಗುತ್ತಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡ್ತೇನೆ’ ಎಂದು ಎರಡು ಸಾಲು ಕಳಿಸಲಿ, ಎಂಟಕ್ಕೆ ಸರಿಯಾಗಿ ಮಾಡಲಿ. ಇನ್ನೊಮ್ಮೆ ತಪ್ಪಲಿ, ಆದರೆ ಮೊದಲು ಮೂರು ವಾರ ಹಿಡಿದದ್ದು ಈಗ ಒಂದು ದಿನದಲ್ಲಿ ಮುಗಿಯಲಿ, ಯಾರೂ ಎಳೆದು ತರದೆ ಅವನೇ ಬರಲಿ. ವರ್ಗಾವಣೆಯ ಸುದ್ದಿ ಮುಚ್ಚಿಟ್ಟದ್ದಕ್ಕೆ ಪ್ರತಿಯಾಗಿ, ಆಫೀಸಿನಲ್ಲಿ ಇನ್ನೂ ತೀರ್ಮಾನವಾಗದ ಒಂದು ವಿಷಯವನ್ನು ತನ್ನ ನಿರ್ಧಾರಕ್ಕೆ ಮೊದಲೇ ಅವಳ ಮುಂದಿಡಲಿ, ಅವಳು ಬೇಡವೆಂದರೆ ಅವನಿಗೆ ನಷ್ಟವಾಗುವಂಥದ್ದನ್ನು. ಈ ಅವಧಿಯಲ್ಲಿ ಅವಳೂ ನೌಕರಿಗೆ ಸೇರಿ ತನ್ನ ಪಾಡಿಗೆ ಶಾಲೆಗೆ ಹೋಗಿಬರುತ್ತಿರಬೇಕು. ಇಂಥ ನಾಲ್ಕೈದು ದೃಶ್ಯಗಳಿಗೆ, ದೃಶ್ಯಕ್ಕೆ 1,500 ಪದ ಹಿಡಿದರೂ 7,500 ಸಾಕು.

ಆ ಪದಗಳನ್ನು ಎಲ್ಲಿಂದ ತರುವುದು ಎಂದು ಕೇಳುವವರಿಗೆ: ಎಪಿಲಾಗ್‌ನಿಂದ. ‘ಎರಡು ವರ್ಷದ ನಂತರ’ ಎಂಬ ತಲೆಬರಹ ಹಾರಿಸಿಕೊಂಡು ಹೋಗುವುದು ಅವನು ಬದಲಾದ ಆ ಎರಡು ವರ್ಷವನ್ನೇ. ಮಗುವಿನ ನಾಮಕರಣ, ಹೊಸ ಮನೆಯ ಹಾಲುಕ್ಕಿಸುವುದು, ಅತ್ತೆಯ ನಗು, ಇವಿಷ್ಟನ್ನು ತೆಗೆದುಹಾಕಿದರೆ 3,000 ಪದ ಮಿಗುತ್ತದೆ. ಉಳಿದದ್ದಕ್ಕೆ ಗೆಳತಿಯ ಸಮಾಧಾನದ ಅಧ್ಯಾಯವನ್ನು ಅರ್ಧಕ್ಕೆ ಇಳಿಸಿ, ಖಳನ ಬಂಧನವನ್ನು ಒಂದು ಪ್ಯಾರಾದಲ್ಲಿ ಮುಗಿಸಿ. ಖಳನನ್ನು ಯಾರೂ ಆ ಪುಸ್ತಕದಲ್ಲಿ ಹುಡುಕುವುದಿಲ್ಲ.